ಅಕ್ಕನ ಸಲುವಾಗಿ ಬೆಳೆಸಿದ ಮೈ

ಮೈ ಬೆಳೆಸುವವನಿಗೂ ನೌಕರಿ ಹಿಡಿಯುವವನಿಗೂ ಒಳಗೊಂದು ದೊಡ್ಡ ಕಾರಣ ಇರಬೇಕು, ಅದಿಲ್ಲದಿದ್ದರೆ ಹುರುಪು ಬಹಳ ದಿನ ಉಳಿಯುವುದಿಲ್ಲ ಎಂದು ಮೊನ್ನೆ ಒಬ್ಬರು ನನ್ನೆದುರು ಕೂತು ಉಪದೇಶ ಮಾಡಿದರು. ನಾನು ತಲೆದೂಗಿದೆ. ಮುದುಕರು ತಲೆದೂಗಿದರೆ ಒಪ್ಪಿಕೊಂಡರು ಎಂದು ಜನ ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಮೈಯೆಲ್ಲ ಉರಿದುಹೋಗಿತ್ತು. ಅಂಥ ದೊಡ್ಡ ಕಾರಣ ನನಗೆ ಹತ್ತೊಂಬತ್ತನೆಯ ವಯಸ್ಸಿಗೇ ಸಿಕ್ಕಿತ್ತು. ಸಿಗದೇ ಹೋಗಿದ್ದರೆ ನಾನು ಇಷ್ಟು ಕೆಟ್ಟವನಾಗುತ್ತಿರಲಿಲ್ಲ.

ಆಗ ನಮ್ಮೂರಿಗೆ ಬಸವಕಲ್ಯಾಣ ಎಂಬ ಹೆಸರು ಬಂದಿರಲಿಲ್ಲ, ಬರೀ ಕಲ್ಯಾಣಿ. ನಲವತ್ತೇಳನೆಯ ಇಸವಿ. ಅಪ್ಪ ಕಚೇರಿಯಲ್ಲಿ ಜವಾನ. ಸಾಹೇಬರು ಗಂಟೆ ಬಾರಿಸಿದರೆ ಓಡಬೇಕು, ಬಾರಿಸದಿದ್ದರೆ ಬಾಗಿಲ ಹೊರಗೆ ಕೈಕಟ್ಟಿ ನಿಂತಿರಬೇಕು. ನಿಂತು ನಿಂತು ಅವನ ಕಾಲಿನ ನರಗಳು ಉಬ್ಬಿದ್ದವು. ನನ್ನ ಮಗ ಸೊಂಟಕ್ಕೆ ಬೆಲ್ಟ್ ಬಿಗಿದು ಪೊಲೀಸ್ ಜವಾನ ಆಗಬೇಕು, ಅವನನ್ನು ಕಂಡರೆ ಬೇರೆಯವರು ಎದ್ದು ನಿಲ್ಲಬೇಕು ಎಂಬುದೊಂದೇ ಅವನ ಆಸೆ. ನಾನೋ ಕಡ್ಡಿ ಪೈಲ್ವಾನ. ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದಿತ್ತು. ಅಪ್ಪ ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ ಕೋಟೆಯ ಕಡೆಗಿನ ಓಣಿಯ ತಾಲೀಮಿನಲ್ಲಿ ಬಿಟ್ಟು ಬಂದ.

ತಾಲೀಮಿನ ಉಸ್ತಾದರು ಮುಸಲ್ಮಾನರು. ಅವರ ಮನೆತನದವರು ತಲೆಮಾರುಗಳಿಂದ ಊರ ಹುಡುಗರಿಗೆ ಕುಸ್ತಿ ಕಲಿಸಿಕೊಂಡು ಬಂದಿದ್ದರು. ಅಲ್ಲಿ ಒಂದು ಪದ್ಧತಿ ಇತ್ತು. ಹೊಸಬ ಮಟ್ಟಿಗೆ, ಅಂದರೆ ಕುಸ್ತಿಯ ಕೆಂಪು ಮಣ್ಣಿಗೆ, ಇಳಿಯುವ ಮೊದಲು ಒಂದು ಮುಷ್ಟಿ ಮಣ್ಣು ಹಿಡಿದು ನಿಲ್ಲಬೇಕು. ಯಾರ ಸಲುವಾಗಿ ಮೈ ಬೆಳೆಸುತ್ತೇನೆ ಎಂಬುದನ್ನು ಎಲ್ಲರೆದುರು ಹೇಳಬೇಕು. ಹೇಳಿದ್ದು ಉಸ್ತಾದರಿಗೆ ಒಪ್ಪಿಗೆಯಾದರೆ ಮಾತ್ರ ಒಳಗೆ.

ನಾನು ಮಣ್ಣು ಹಿಡಿದು, "ನೌಕರಿ ಸಲುವಾಗಿರಿ," ಎಂದೆ.

"ನೌಕರಿ ಮನುಷ್ಯಾ ಏನು?" ಎಂದರು ಉಸ್ತಾದರು. "ನಾ ಕೇಳಿದ್ದು ಯಾರ ಸಲುವಾಗಿ ಅಂತ."

"ನನ್ನ ಸಲುವಾಗೇ ರಿ."

ಸುತ್ತಲಿದ್ದವರು ನಕ್ಕರು. ಉಸ್ತಾದರು ನಗಲಿಲ್ಲ. "ತನ್ನ ಸಲುವಾಗಿ ಮಾಡೋನು ಚಳಿಗಾಲ ಬಂದ ಕೂಡ್ಲೇ ಕೌದಿ ಹೊಚ್ಚಿ ಮಲ್ಕೋತಾನ ಬೇಟಾ. ಮನೀಗಿ ಹೋಗು. ಖರೇ ಮಾತು ಸಿಕ್ಕ ದಿನ ಬಾ," ಎಂದು ಮಣ್ಣು ಕೆಳಗೆ ಹಾಕಿಸಿ ಕಳಿಸಿದರು.

ಅವಮಾನದಿಂದ ಕುದಿಯುತ್ತ ಮನೆಗೆ ಬಂದರೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ಅವಳನ್ನು ಹುಮನಾಬಾದಿಗೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆಂದು ನಮ್ಮ ಮನೆಗೆ ಬಂದವಳು ಹೆಣ್ಣು ಹೆತ್ತಿದ್ದಳು. ಐದು ತಿಂಗಳಾದ ಮೇಲೆ ಗಂಡನ ಮನೆಯವರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುವುದು ರೂಢಿ. ಐದು ಆಯಿತು, ಏಳು ಆಯಿತು, ಯಾರೂ ಬರಲಿಲ್ಲ. ಹೇಳಿ ಕಳಿಸಿದರೆ ಉತ್ತರವೂ ಇಲ್ಲ. ಹುಮನಾಬಾದಿನ ಕಡೆಯಿಂದ ಬಂಡಿ ಬಂದ ಸಪ್ಪಳ ಕೇಳಿದರೆ ಸಾಕು, ಅಕ್ಕ ಕೂಸಿನ ಮುಖ ಒರೆಸಿ, ಜಬಲಾ ಬದಲಿಸಿ ಬಾಗಿಲಿಗೆ ಬರುತ್ತಿದ್ದಳು. ಬಂಡಿ ಮುಂದೆ ಹೋಗುತ್ತಿತ್ತು. ಆವತ್ತೂ ಹಾಗೇ ಒಂದು ಬಂಡಿ ಹೋಗಿತ್ತು.

ಅವಳ ಮುಖ ನೋಡಿದೆ. ಖಾಕಿ ಹಾಕಿಕೊಂಡು, ಲಾಠಿ ಹಿಡಿದು, ಹುಮನಾಬಾದಿನ ಆ ಮನೆಯ ಅಂಗಳದಲ್ಲಿ ನಾನು ನಿಂತ ಚಿತ್ರ ಕಣ್ಣಿಗೆ ಕಟ್ಟಿತು. ಭಾವ ಗಡಗಡ ನಡುಗುತ್ತ ಅಕ್ಕನನ್ನು ಕರೆದೊಯ್ಯಲು ಬಂಡಿ ಹೂಡುತ್ತಿದ್ದ. ನನಗೆ ಕಣ್ಣಲ್ಲಿ ನೀರು ಬಂತು. ಅದು ಖರೇ ನೀರು, ಅದರಲ್ಲಿ ಸುಳ್ಳಿರಲಿಲ್ಲ. ಮರುದಿನ ಮಣ್ಣು ಹಿಡಿದು, "ನಮ್ಮ ಅಕ್ಕನ ಸಲುವಾಗಿ. ಆಕಿನ್ನ ಗಂಡನ ಮನೀಗಿ ಮುಟ್ಟಸ್ತೀನಿ," ಎಂದೆ. ಉಸ್ತಾದರು ನನ್ನ ಬೆನ್ನು ತಟ್ಟಿ, "ನೋಡ್ರಿ, ಇದಕ್ಕ ಅಂತಾರ ಗಂಡಸು," ಎಂದು ಎಲ್ಲರಿಗೂ ತೋರಿಸಿದರು.

ಮಾತು ಓಣಿಯಲ್ಲೆಲ್ಲ ಹಬ್ಬಿತು. ಅಕ್ಕನ ಸಲುವಾಗಿ ಸಾಮು ತೆಗೆಯುವ ತಮ್ಮ! ಹೆಂಗಸರು ನನ್ನನ್ನು ಕಂಡು ನೆಟಿಕೆ ಮುರಿದರು. ಅಪ್ಪ ಕಚೇರಿಯಲ್ಲಿ ಹೇಳಿಕೊಂಡ. ಅಕ್ಕ ನನ್ನ ಊಟದ ತಟ್ಟೆ ತೊಳೆಯುವಾಗ ಅತ್ತಳು.

ದಂಡ, ಬೈಠಕ್ ಏರುತ್ತ ಹೋದಂತೆ ಖುರಾಕು ಬೇಕಾಯಿತು. ಬಾದಾಮಿ, ತುಪ್ಪ ನಮ್ಮ ಯೋಗ್ಯತೆಗೆ ಮೀರಿದ್ದು. ಇದ್ದದ್ದು ಒಂದು ಎಮ್ಮೆ. ಬೆಳಗಿನ ಹಾಲು ಅಪ್ಪನ ಸಾಹೇಬರ ಮನೆಗೆ ಹೋಗಲೇಬೇಕು. ಅದನ್ನು ಯಾರೂ ಕೇಳುತ್ತಿರಲಿಲ್ಲ, ಕೊಡದೆ ಇರಲಿಕ್ಕೂ ಆಗುತ್ತಿರಲಿಲ್ಲ. ಸಾಹೇಬರ ಪಾತ್ರೆ ತುಂಬಿ ಉಳಿದ ಹಾಲು ಮತ್ತು ಸಂಜೆಯದು ಮನೆಗೆ. ಅಲ್ಲಿಯವರೆಗೆ ಅದರಲ್ಲಿ ಅಕ್ಕನಿಗೊಂದಿಷ್ಟು, ಕೂಸಿಗೊಂದಿಷ್ಟು ಸಿಗುತ್ತಿತ್ತು. ಅವ್ವ ಅದನ್ನು ನಿಲ್ಲಿಸಿದಳು. ಯಾರೂ ಹೇಳಲಿಲ್ಲ, ಜಗಳ ಆಗಲಿಲ್ಲ. ಒಂದು ದಿನ ದೊಡ್ಡ ಹಿತ್ತಾಳೆ ಚರಿಗೆ ನನ್ನ ಮುಂದೆ ಬಂತು, ಅಷ್ಟೇ.

"ಕೂಸಿಗಿ?" ಎಂದು ಅಕ್ಕ ಕೇಳಿದ್ದು ನೆನಪಿದೆ.

"ಹೆಣ್ಣು ಕೂಸು, ಗಂಜಿ ಮ್ಯಾಲ ಬೆಳೀತದ," ಎಂದಳು ಅವ್ವ. "ನೀನೂ ಗಂಜಿ ಮ್ಯಾಲೇ ಬೆಳೆದೀದಿ. ಅವ ನಿನ್ನ ಸಲುವಾಗಿ ಕುಡ್ಯಾಕತ್ತಾನ, ತಿಳೀತಿಲ್ಲೇನು?"

ಅಕ್ಕನಿಗೆ ತಿಳಿಯಿತು. ಮತ್ತೆ ಕೇಳಲಿಲ್ಲ. ಗಂಡನ ಮನೆಗೆ ಹೋಗುವ ಆಸೆ ಅವಳ ಬಾಯಿ ಕಟ್ಟಿಹಾಕಿತ್ತು. ಎದೆ ಬತ್ತಿದ ಮೇಲೆ ಕೂಸಿಗೆ ಜೋಳದ ಅಂಬಲಿ ನೆಕ್ಕಿಸತೊಡಗಿದಳು.

ಕೂಸು ಅಂಬೆಗಾಲಿಡುವ ಹೊತ್ತಿಗೆ ಚರಿಗೆಯ ಗುರುತು ಹಿಡಿದಿತ್ತು. ನಾನು ಸಂಜೆ ಕಟ್ಟೆಯ ಮೇಲೆ ಕೂತು ಕುಡಿಯಲು ಶುರು ಮಾಡಿದರೆ ಅಡುಗೆ ಮನೆಯಿಂದ ತೆವಳಿಕೊಂಡು ಬಂದು, ನನ್ನ ಮೊಣಕಾಲು ಹಿಡಿದು ಎದ್ದು ನಿಂತು, ಚರಿಗೆಯ ಅಂಚಿಗೆ ಕೈ ಹಾಕುತ್ತಿತ್ತು. ನಾನು ಚರಿಗೆ ಮೇಲೆತ್ತಿ ಹಿಡಿದು ಗಟಗಟ ಕುಡಿದು ಮುಗಿಸುತ್ತಿದ್ದೆ. ಒಂದು ಗುಟುಕು ಕೊಟ್ಟಿದ್ದರೆ ನನ್ನ ತೋಳು ಸಣ್ಣದಾಗುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಇವತ್ತು ಒಂದು ಗುಟುಕು ಕೊಟ್ಟರೆ ನಾಳೆ ಎರಡು ಕೇಳುತ್ತದೆ, ನಿಯಮ ಮುರಿಯುತ್ತದೆ, ನಿಯಮ ಮುರಿದರೆ ಅಕ್ಕನ ಬದುಕು ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಸಿವಿಗಾಗಿ ಕುಡಿದಿದ್ದರೆ ನಾಚಿಕೆಯಾದರೂ ಆಗುತ್ತಿತ್ತು. ನಾನು ತ್ಯಾಗ ಮಾಡುವವನ ಮುಖ ಹೊತ್ತು ಕುಡಿಯುತ್ತಿದ್ದೆ. ಅಳುವ ಕೂಸನ್ನು ಅಕ್ಕ ಬಂದು ಎತ್ತಿಕೊಂಡು ಹೋಗುತ್ತಿದ್ದಳು. "ಮಾಮಾ ನಿನ್ನ ಸಲುವಾಗೇ ಕುಡ್ಯಾಕತ್ತಾನ ಬಂಗಾರಾ," ಎಂದು ಅದಕ್ಕೂ ಹೇಳುತ್ತಿದ್ದಳು.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ತಾಲೀಮಿನ ಮಣ್ಣು ಗಟ್ಟಿಯಾಗದಂತೆ ಆಗಾಗ ಅದಕ್ಕೆ ಎಣ್ಣೆ, ಅರಿಶಿಣ, ಮಜ್ಜಿಗೆ ಸುರಿದು, ಅಗೆದು ಹದ ಮಾಡುತ್ತಿದ್ದೆವು. ಮಜ್ಜಿಗೆ ತರುವುದು ಪಾಳಿಯ ಮೇಲೆ. ನನ್ನ ಪಾಳಿ ಬಂದಾಗ ಅವ್ವ ಎರಡು ದಿನದ ಸಂಜೆ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆಯನ್ನು ನನಗಾಗಿ ತೆಗೆದಿಟ್ಟು ಗಡಿಗೆ ತುಂಬ ಮಜ್ಜಿಗೆ ಕೊಟ್ಟಳು. ನಾನು ಅದನ್ನು ತಲೆಯ ಮೇಲೆ ಹೊತ್ತು ಮೆರೆಯುತ್ತ ಹೋಗಿ ಮಣ್ಣಿಗೆ ಸುರಿದೆ. ಮಣ್ಣು ಕುಡಿಯಿತು. ಕೂಸಿಗೆ ಮಜ್ಜಿಗೆಯೂ ಇರಲಿಲ್ಲ.

ನಲವತ್ತೆಂಟರಲ್ಲಿ ಊರೇ ನಡುಗಿತು. ಮೊದಲು ನಮ್ಮಂಥವರ ಮನೆಯವರು ಬಾಗಿಲು ಹಾಕಿಕೊಂಡು ಕೂತರು. ಮಳೆಗಾಲ ಮುಗಿಯುವ ಹೊತ್ತಿಗೆ ದಂಡು ಬಂದು, ನಿಜಾಮರ ಆಳ್ವಿಕೆ ಹೋಗಿ ರಾಜ್ಯ ಬದಲಾಯಿತು, ಆಗ ಉಸ್ತಾದರಂಥವರ ಮನೆಯವರು ಬಾಗಿಲು ಹಾಕಿಕೊಂಡರು. ಕೆಲವು ಬಾಗಿಲುಗಳನ್ನು ಒಡೆದರು. ಉಸ್ತಾದರದೂ ಅದರಲ್ಲೊಂದು. ತಾಲೀಮಿಗೆ ಬಿದ್ದ ಬೀಗ ಮತ್ತೆ ತೆಗೆಯಲಿಲ್ಲ. ನಾನು ಅತ್ತ ಹಾಯಲಿಲ್ಲ. ಹೊಸ ಸರಕಾರದಲ್ಲಿ ಪೊಲೀಸ್ ನೌಕರಿ ಹುಡುಕುವವನು ಯಾರ ಮನೆಗೆ ಹೋಗಿ ಬರುತ್ತಾನೆ ಎಂಬುದನ್ನು ಜನ ನೋಡುತ್ತಿದ್ದರು. ದನದ ಕೊಟ್ಟಿಗೆಯಲ್ಲೇ ದಂಡ ಹೊಡೆದೆ. ಮೈಯಲ್ಲಿ ಅಷ್ಟು ಕಸುವಿದ್ದವನು ಒಂದು ಓಣಿ ದಾಟಿ ಗುರುವಿನ ಮುಖ ನೋಡಲು ಅಂಜಿದೆ. ಅದಕ್ಕೂ ನನ್ನ ಹತ್ತಿರ ಕಾರಣ ತಯಾರಿತ್ತು: ಅಕ್ಕ.

ಮರು ವರ್ಷದ ಬೇಸಿಗೆಯಲ್ಲಿ ಕೂಸು ಸಂಜೆಯಾಗುತ್ತಲೇ ಎಡವತೊಡಗಿತು. ಹಗಲೆಲ್ಲ ಓಡಾಡುವುದು, ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಿಂತುಬಿಡುವುದು. ತನ್ನ ತಾಯಿಯನ್ನು ಹುಡುಕುತ್ತ ನನ್ನ ಕಾಲಿಗೆ ಬಂದು ಡಿಕ್ಕಿ ಹೊಡೆಯುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಅದರ ಆಟ ಎಂದೇ ತಿಳಿದಿದ್ದೆವು. ಆಮೇಲೆ ದಡಾರ ಎದ್ದಿತು. ಮೈಮೇಲಿನ ಗುಳ್ಳೆ ಇಳಿದವು, ಕಣ್ಣು ಮಾತ್ರ ತೆರೆಯಲಿಲ್ಲ. ತೆರೆಸಿ ನೋಡಿದರೆ ಕಪ್ಪು ಗುಡ್ಡೆಯ ಮೇಲೆ ಬಿಳಿ ಪೊರೆ ಕವಿದು ಸುಕ್ಕಾಗಿತ್ತು.

ಹುಮನಾಬಾದಿನ ದವಾಖಾನೆಗೆ ನಾನೇ ಎತ್ತಿಕೊಂಡು ಹೋದೆ. ಅಕ್ಕ ಪಕ್ಕದಲ್ಲಿ. ಗಂಡನ ಊರಿಗೆ ಎರಡು ವರ್ಷದ ಮೇಲೆ ಅವಳು ಕಾಲಿಟ್ಟದ್ದು ಹೀಗೆ. ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಬಹಳ ಹೊತ್ತು ನೋಡಿದರು. "ತಡಾ ಆಗ್ಯಾದಮ್ಮ. ಇನ್ನ ಕಾಣ್ಸೂದಿಲ್ಲ. ಹಾಲು, ಬೆಣ್ಣಿ, ತಪ್ಪಲಪಲ್ಯ ಹೊಟ್ಟೀಗಿ ಬಿದ್ದಿದ್ರ ಇಷ್ಟಕ್ಕ ಬರ್ತಿದ್ದಿಲ್ಲ," ಎಂದರು. ಬಡವರಿಗೆ ಬೈದಂತಾಯಿತೇನೋ ಎಂದು ಅವರಿಗೇ ಅನಿಸಿರಬೇಕು, ದನಿ ಇಳಿಸಿ ಕೇಳಿದರು: "ಮನ್ಯಾಗ ಹೈನ ಇಲ್ಲೇನಮ್ಮ?"

"ಅದ ರಿ," ಎಂದಳು ಅಕ್ಕ. "ಎಮ್ಮಿ ಅದ. ಹಾಲು ನಮ್ಮ ತಮ್ಮ ಕುಡೀತಾನ್ರಿ."

ದೂರುವ ದನಿ ಇರಲಿಲ್ಲ ಅದರಲ್ಲಿ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು. ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು. ಭುಜದಿಂದ ಮುಂಗೈವರೆಗೆ ನೋಡಿದರು. ಆಮೇಲೆ ಕೈ ತೊಳೆಯಲು ಎದ್ದು ಹೋದರು.

ಇಷ್ಟಾದ ಮೇಲೆ ಚರಿಗೆ ಮುಟ್ಟಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನ. ಮರುದಿನ ಬೆಳಿಗ್ಗೆಯೂ ಕುಡಿದೆ. ಅವ್ವ ಆವತ್ತು ಅರ್ಧ ಚರಿಗೆ ತಂದಿಟ್ಟಳು. ಅರ್ಧ ಎಂಬುದನ್ನು ನಾನು ಗಮನಿಸಿದೆ, ಗಮನಿಸಿದ್ದು ಮುಖದಲ್ಲಿ ಕಾಣುವಂತೆಯೂ ಮಾಡಿದೆ. ಸಂಜೆಗೆ ಮತ್ತೆ ತುಂಬಿ ಬಂತು. ಹೋದ ಕಣ್ಣು ಹೋಯಿತು, ಇನ್ನು ಹಾಲು ಕುಡಿಸಿ ಏನು ಬಂತು ಎಂದು ಅಂದುಕೊಂಡೆ. ಈಗಂತೂ ನನಗೆ ನೌಕರಿ ಆಗಲೇಬೇಕು, ಕುರುಡು ಕೂಸಿನ ಭಾರವೂ ನನ್ನ ಮೇಲೆಯೇ ಅಲ್ಲವೇ ಎಂದುಕೊಂಡೆ. ನನ್ನ ಕಾರಣ ಕೂಸನ್ನೂ ಒಳಗೆ ಹಾಕಿಕೊಂಡು ಇನ್ನಷ್ಟು ದೊಡ್ಡದಾಯಿತು. ಅಂಥ ಕಾರಣಗಳಿಗೆ ಹೊಟ್ಟೆ ತುಂಬುವುದೇ ಇಲ್ಲ.

ಅಕ್ಕ ಆಗಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಬಂಡಿಯ ಸಪ್ಪಳಕ್ಕೆ ಬಾಗಿಲಿಗೆ ಬರುವುದನ್ನೂ ಬಿಟ್ಟಳು. ಅದು ಅವಳ ದುಃಖ ಎಂದು ನನಗೆ ಅನಿಸಿತು. ಅದು ದುಃಖವಲ್ಲ ಎಂಬುದು ಆಮೇಲೆ ತಿಳಿಯಿತು.

ಐವತ್ತರಲ್ಲಿ ಹುಮನಾಬಾದಿನಲ್ಲಿ ಪೊಲೀಸ್ ಭರ್ತಿ ನಡೆಯಿತು. ಮೈದಾನದಲ್ಲಿ ಅಂಗಿ ಬಿಚ್ಚಿಸಿ ಸಾಲಾಗಿ ನಿಲ್ಲಿಸಿದರು. ಮುಡಬಿಯಿಂದ, ನಿರ್ಣಾದಿಂದ, ಎಲ್ಲೆಲ್ಲಿಂದಲೋ ಬಂದ ಹುಡುಗರು. ಬಹಳ ಮಂದಿ ಹೊಟ್ಟೆಗಿಲ್ಲದವರು. ಅಳತೆ ಪಟ್ಟಿ ಹಿಡಿದ ಜಮಾದಾರ ಒಬ್ಬೊಬ್ಬರನ್ನೇ, "ಹೋಗೋ, ಉಂಡು ಬಾ ಹೋಗು," ಎಂದು ಸಾಲಿನಿಂದ ತಳ್ಳುತ್ತಿದ್ದ. ನನ್ನ ಹತ್ತಿರ ಬಂದಾಗ ಪಟ್ಟಿ ಸುತ್ತಿ, ಉಸಿರು ತುಂಬಿಸಿ, ಎರಡು ಸಲ ನೋಡಿದ. "ಏನ್ ತಿಂದೀದೋ ಮಗನೇ?" ಎಂದು ಸಂತೋಷದಿಂದ ಎದೆಗೆ ಗುದ್ದಿದ. ನಾನು ಹಲ್ಲು ಕಿಸಿದೆ. ಆ ಸಾಲಿನಲ್ಲಿ ಮೊದಲು ಹೆಸರು ಬರೆದದ್ದು ನನ್ನದು.

ತರಬೇತಿ ಮುಗಿಸಿ, ಖಾಕಿ ತೊಟ್ಟ ಮೇಲೆ ಊರಿಗೆ ಹೋಗುವ ದಾರಿಯಲ್ಲಿ ಹುಮನಾಬಾದಿಗೆ ಇಳಿದೆ. ಮೂರು ವರ್ಷ ಕಣ್ಣಿಗೆ ಕಟ್ಟಿದ್ದ ಚಿತ್ರ ಅವತ್ತು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಡೆಯಿತು. ಅಂಗಳದಲ್ಲಿ ಬೂಟು ಕುಟ್ಟಿ ನಿಂತೆ. ಅಕ್ಕನ ಮಾವ ಹೊರಗೆ ಬಂದವನು ಖಾಕಿ ಕಂಡು ಬಿಳಿಚಿದ. ಕೂರಲು ಹೊರಸು ಹಾಕಿದರು, ಚಹಾ ತಂದರು. ಭಾವ ನನ್ನ ಎದುರು ಕೂರಲೇ ಇಲ್ಲ, ಕೈಕಟ್ಟಿ ನಿಂತೇ ಇದ್ದ.

"ನಮ್ಮದು ತಪ್ಪಾಗ್ಯಾದ್ರಿ," ಎಂದ ಮಾವ. "ಬರೂ ಸೋಮವಾರ ಬಂಡಿ ಕಳಸ್ತೀವಿ. ಸೊಸಿ ಬರ್ಲಿ. ಆದ್ರ ಒಂದು ಮಾತ ನಡೆಸಿಕೊಡ್ರಿ. ಆ ಕುರುಡು ಕೂಸು ನಮ್ಮ ಮನ್ಯಾಗ ಬ್ಯಾಡ್ರಿ. ಮುಂದಿನ ಮಕ್ಕಳಿಗಿ ಛಲೋ ಅಲ್ಲ. ನಿಮ್ಮ ಹಂತ್ಯಾಕೇ ಇಟ್ಕೋರಿ."

ಲಾಠಿ ನನ್ನ ತೊಡೆಯ ಮೇಲಿತ್ತು. ಆ ಮನುಷ್ಯನ ಹಲ್ಲು ಉದುರಿಸುವಷ್ಟು ಬಲ ನನ್ನ ಒಂದು ಕೈಯಲ್ಲಿತ್ತು. ನಾನು ಮಾಡಿದ್ದೇನೆಂದರೆ, ಒಪ್ಪಿಕೊಂಡೆ. ಒಳಗಿನಿಂದ ಸಕ್ಕರೆ ತಂದು ಎಲ್ಲರ ಕೈಗೆ ಹಾಕಿದರು. ನಾನೂ ಬಾಯಿಗೆ ಹಾಕಿಕೊಂಡೆ. ಗೆದ್ದೆ ಎಂದೇ ಅನಿಸಿತು. ಎಲ್ಲರೆದುರು ಆಡಿದ ಮಾತು ನಡೆಸಿದ್ದೆನಲ್ಲ.

ಕಲ್ಯಾಣಿಗೆ ಬಂದು ಬಾಗಿಲಲ್ಲಿ ನಿಂತಾಗ ಮಧ್ಯಾಹ್ನ. ಅವ್ವ ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದು ಅತ್ತಳು. ಅಪ್ಪ ಎದ್ದು ನಿಂತ, ಮಗನ ಮುಂದೆ ಎದ್ದು ನಿಂತೆನಲ್ಲ ಎಂದು ತಾನೇ ನಕ್ಕ. ಅಕ್ಕ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಕೂಸಿಗೆ ಮೂರು ತುಂಬಿತ್ತು. ಅವಳ ಬೆನ್ನಿಗೆ ಒರಗಿ ಕೂತು, ಕೆಳಗೆ ಬಿದ್ದ ಕಾಳುಗಳನ್ನು ಬೆರಳಿನಿಂದ ಹುಡುಕಿ ಆರಿಸುತ್ತಿತ್ತು.

ನಾನು ಸುದ್ದಿ ಹೇಳಿದೆ. ಸೋಮವಾರ ಬಂಡಿ ಬರುತ್ತದೆ ಎಂದೆ. ಭಾವ ಕೈಕಟ್ಟಿ ನಿಂತದ್ದನ್ನು ಬಣ್ಣಿಸಿ ಹೇಳಿದೆ. ಕೂಸಿನ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದನ್ನೂ ಹೇಳಿದೆ, ಸ್ವಲ್ಪ ದನಿ ಇಳಿಸಿ.

"ಇರ್ಲಿ ಬಿಡು, ಕೂಸಿಗಿ ನಾ ನೋಡ್ಕೋತೀನಿ," ಎಂದಳು ಅವ್ವ, ಕೂಡಲೇ. "ನೀ ಹೋಗವ್ವಾ. ಹೋಗಿ ಸಂಸಾರ ಮಾಡು. ತಮ್ಮ ನಿನ್ನ ಸಲುವಾಗಿ ಎಷ್ಟ ಕಷ್ಟ ಪಟ್ಟಾನ."

ಅಕ್ಕ ಮೊರ ಕೆಳಗಿಟ್ಟಳು. ಎದ್ದು, ಕೂಸನ್ನು ಕಂಕುಳಿಗೆ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಕಾಲಿಗೆ ಬೀಳುತ್ತಾಳೇನೋ ಎಂದುಕೊಂಡೆ. ಬೇಡ ಅಕ್ಕ, ನೀನು ದೊಡ್ಡವಳು ಎನ್ನುವ ಮಾತು ನಾಲಗೆಯ ತುದಿಗೂ ಬಂದಿತ್ತು. ಅವಳು ನನ್ನ ಖಾಕಿಯ ತೋಳನ್ನು ನಿಧಾನವಾಗಿ ಮೇಲೆ ಮಡಚಿದಳು. ಕೂಸಿನ ಕೈ ಹಿಡಿದು ನನ್ನ ತೋಳಿನ ಮೇಲೆ ಇಟ್ಟಳು.

"ಮುಟ್ಟು ಬಂಗಾರಾ," ಎಂದಳು. "ಒತ್ತಿ ನೋಡು. ನಿನ್ನ ಹಾಲೆಲ್ಲಾ ಇಲ್ಲೇ ಅದ."

ಕೂಸು ತೋಳನ್ನು ಒತ್ತಿತು, ಹಿಸುಕಿತು, ಮೊಣಕೈವರೆಗೆ ತಡಕಾಡಿತು. ಮತ್ತೆ ಭುಜದ ತನಕ ಬಂದು ಹುಡುಕಿತು.

"ಎಲ್ಲಿ ಅದವ್ವಾ?" ಎಂದು ಕೇಳಿತು.

ಅಕ್ಕ ಆ ಕೈಯನ್ನು ಮತ್ತೆ ತೋಳಿನ ಮೇಲೆ ಇಟ್ಟಳು. ಅವಳು ಕೂಸನ್ನು ಬಿಟ್ಟು ಎಲ್ಲಿಯೂ ಹೋಗುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಕೂಸು ಬಹಳ ಹೊತ್ತು ಹುಡುಕಿತು. ನಾನು ತೋಳು ಚಾಚಿಕೊಂಡು ನಿಂತೇ ಇದ್ದೆ. ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಲ ಆ ತೋಳಿನಲ್ಲಿ ಇರಲಿಲ್ಲ.